ಸುರಪುರದ ಪರದೇಶಿ
(ಆಕಾಶವಾಣಿ ಭಾಷಣ)

ನಮ್ಮ ಸೀಮೆಯ ಕನ್ನಡದಲ್ಲಿ ‘ಪರದೇಶಿ’ ಎಂಬ ಮಾತಿಗೆ ಎರಡು ಅರ್ಥಗಳಿವೆ. ಬೇರೆ ದೇಶದವನು ಎಂಬುದು ನಿಘಂಟು ಮೊದಲು ಕೊಡುವ ಅರ್ಥ. ಯಾದಗಿರಿ, ಶಹಾಪುರ, ಸುರಪುರಗಳ ಓಣಿಗಳಲ್ಲಿ ಕಿವಿಗೆ ಬೀಳುವ ಅರ್ಥ ಅದಲ್ಲ. ಅಲ್ಲಿ ದಿಕ್ಕಿಲ್ಲದವನು ಪರದೇಶಿ. ತಂದೆತಾಯಿ ಇಲ್ಲದ ಕೂಸು ಪರದೇಶಿ. ಮನೆಯ ಯಜಮಾನನು ತೀರಿಕೊಂಡರೆ ‘ಮಕ್ಕಳು ಪರದೇಶಿ ಆದವಲ್ಲ’ ಎಂದು ಹೆಣ್ಣುಮಕ್ಕಳು ಅಳುತ್ತಾರೆ. ಊರು ಬಿಟ್ಟವನಿಗೂ ಆಸರೆ ತಪ್ಪಿದವನಿಗೂ ಜನ ಒಂದೇ ಹೆಸರಿಟ್ಟಿದ್ದಾರೆ. ಇಂದು ನಾನು ಹೇಳಹೊರಟಿರುವುದು ಇಂಥ ಇಬ್ಬರು ಪರದೇಶಿಗಳ ಕಥೆ. ಒಬ್ಬನು ಹದಿನೈದರ ಹರೆಯದಲ್ಲಿ ಕಡಲು ದಾಟಿ ಬಂದ ಇಂಗ್ಲಿಷಿನವನು. ಇನ್ನೊಬ್ಬನು ತಂದೆಯನ್ನು ಕಳೆದುಕೊಂಡ ಸುರಪುರದ ಏಳೆಂಟು ವರುಷದ ಬಾಲದೊರೆ. ಮೊದಲನೆಯವನು ಫಿಲಿಪ್ ಮೆಡೋಸ್ ಟೇಲರ್. ಎರಡನೆಯವನು ರಾಜಾ ವೆಂಕಟಪ್ಪ ನಾಯಕ. 1841ರಲ್ಲಿ ಇವರಿಬ್ಬರ ಭೇಟಿಯಾಯಿತು. 1858ರಲ್ಲಿ ಅದು ಮುಗಿಯಿತು.

ಟೇಲರನನ್ನು ಕುರಿತು ನಮ್ಮಲ್ಲಿ ಬರೆದವರು ಸಾಮಾನ್ಯವಾಗಿ ಎರಡು ಬಗೆಯವರು. ಸುರಪುರವನ್ನು ಉದ್ಧಾರ ಮಾಡಿದ ಪುಣ್ಯಾತ್ಮನೆಂದು ಕೆಲವರು ಹೊಗಳುತ್ತಾರೆ. ಆಂಗ್ಲರ ಗೂಢಚಾರನೆಂದು ಕೆಲವರು ತೆಗೆದುಹಾಕುತ್ತಾರೆ. ನನ್ನ ಕುತೂಹಲ ಇನ್ನೊಂದು ಕಡೆಗಿದೆ. ಸ್ವಂತ ನಾಡಿನಿಂದ ಇಷ್ಟು ದೂರ ಬಂದವನೊಬ್ಬನು, ತನ್ನವರಾರೂ ಇಲ್ಲದ ಒಂದು ಗುಡ್ಡದ ಊರಿನಲ್ಲಿ, ಹನ್ನೆರಡು ವರುಷ ಹೇಗೆ ಬಾಳಿದನು? ಮಣ್ಣಿನೊಡನೆ, ನೀರಿನೊಡನೆ, ಜನರೊಡನೆ ಆತ ಕಟ್ಟಿಕೊಂಡ ಸರಳವಾದ ಬದುಕು ಆತನನ್ನು ಎಲ್ಲಿಯವರೆಗೆ ಈ ನೆಲದವನನ್ನಾಗಿ ಮಾಡಿತು? ಎಲ್ಲಿ ಅದು ಕೈಬಿಟ್ಟಿತು?

ಸುರಪುರದ ಹಾದಿಯನ್ನು ಮೊದಲು ನೆನಪಿಗೆ ತಂದುಕೊಳ್ಳಬೇಕು. ಇಂದಿಗೂ ಅಲ್ಲಿಗೆ ಹೋಗುವವರು ಯಾದಗಿರಿಯಲ್ಲಿ ರೈಲು ಇಳಿಯಬೇಕು. ಅಲ್ಲಿಂದ ಭೀಮೆಯನ್ನು ದಾಟಿ, ಮಲಗಿದ ಬುದ್ಧನಂತೆ ಕಾಣುವ ಶಹಾಪುರದ ಗುಡ್ಡವನ್ನು ನೋಡಿಕೊಂಡು ಮುಂದೆ ಸಾಗಬೇಕು. ಮುಂಬಯಿ ಮತ್ತು ಮದರಾಸುಗಳನ್ನು ಕೂಡಿಸುವ ರೈಲು ಹಳಿ ಈ ದಾರಿಯಲ್ಲಿ ಪೂರ್ಣವಾದದ್ದು 1871ರಲ್ಲಿ. ಟೇಲರನು ಬಂದು ಮೂವತ್ತು ವರುಷಗಳ ಮೇಲೆ. ಆತ ಬಂದಾಗ ಇದ್ದವು ಕುದುರೆ, ಮೇಣೆ, ಎತ್ತಿನ ಬಂಡಿ ಮತ್ತು ಕಾಲು. ಕೃಷ್ಣೆ ಭೀಮೆಯರ ನಡುವಿನ ಈ ದೋಆಬು ಕರಿಯ ಮಣ್ಣಿನ ಬಯಲು. ನಡುನಡುವೆ ಬಂಡೆಗಲ್ಲಿನ ಗುಡ್ಡ. ಮಳೆ ಬಿದ್ದರೆ ಬಂಡಿಯ ಗಾಲಿ ಅಚ್ಚಿನವರೆಗೆ ಹೂಳುವ ಎರೆ. ಬೇಸಗೆಯಲ್ಲಿ ಅದೇ ಎರೆ ಬಾಯ್ದೆರೆದು ಬಿರುಕು ಬಿಡುತ್ತದೆ.

ಇಲ್ಲಿ ಆಳುತ್ತಿದ್ದವರು ಬೇಡ ನಾಯಕರು. ಸಣ್ಣ ಸಂಸ್ಥಾನವೆಂದು ಅವರನ್ನು ಹಗುರಾಗಿ ಕಾಣುವಂತಿಲ್ಲ. 1705ರಲ್ಲಿ ಮುಪ್ಪಿನ ಔರಂಗಜೇಬನು ಸ್ವತಃ ನಿಂತು ನಡೆಸಿದ ಕಡೆಯ ಮುತ್ತಿಗೆ ಇವರ ವಾಗಣಗೇರಿ ಕೋಟೆಯದು. ಕೋಟೆ ಬಿದ್ದರೂ ನಾಯಕನು ಕೈಗೆ ಸಿಗಲಿಲ್ಲ. ವಾಗಣಗೇರಿಯ ತರುವಾಯ ಸುರಪುರ ಅವರ ರಾಜಧಾನಿಯಾಯಿತು. ಚಿತ್ರಕಾರರಿಗೆ ಆಶ್ರಯ ಕೊಟ್ಟು ‘ಸುರಪುರ ಶೈಲಿ’ ಎಂದು ಇಂದು ನಾವು ಕರೆಯುವ ಕಿರುಚಿತ್ರ ಪರಂಪರೆಯನ್ನು ಬೆಳೆಸಿದ ಮನೆತನವೂ ಇದೇ. ಆದರೆ ಹತ್ತೊಂಬತ್ತನೆಯ ಶತಮಾನಕ್ಕೆ ಬರುವ ಹೊತ್ತಿಗೆ ಹೈದರಾಬಾದಿನ ನಿಜಾಮನಿಗೆ ಸಲ್ಲಿಸಬೇಕಾದ ಕಪ್ಪ, ನಜರಾಣೆಗಳ ಬಾಕಿ ಬೆಳೆದು, ಸಾಲಗಾರ ಸಾಹುಕಾರರು ಬಾಗಿಲಲ್ಲಿ ಕುಳಿತು, ಸಂಸ್ಥಾನ ಬಸವಳಿದಿತ್ತು. ರಾಜಾ ಕೃಷ್ಣಪ್ಪ ನಾಯಕನು ತೀರಿಕೊಂಡಾಗ ಹಿಂದೆ ಉಳಿದವರು ಚಿಕ್ಕ ಮಗ ವೆಂಕಟಪ್ಪ, ಹಟವಾದಿಯಾದ ರಾಣಿ ಈಶ್ವರಮ್ಮ, ಮತ್ತು ಆಡಳಿತ ತನ್ನ ಕೈಯಲ್ಲಿರಬೇಕೆಂದ ಮೃತ ರಾಜನ ತಮ್ಮ ಪಿಡ್ಡ ನಾಯಕ. ಸಾವಿರಾರು ಮಂದಿ ಬೇಡ ಸೈನಿಕರು ಯಾರ ಕಡೆ ವಾಲಬೇಕೆಂದು ನೋಡುತ್ತಿದ್ದರು. ಆಗ ಹೈದರಾಬಾದಿನಲ್ಲಿ ರೆಸಿಡೆಂಟನಾಗಿದ್ದ ಜನರಲ್ ಫ್ರೇಜರ್, ಟೇಲರನನ್ನು ಇಲ್ಲಿಗೆ ಕಳುಹಿಸಿದನು.

ಟೇಲರನು ಹುಟ್ಟಿದ್ದು 1808ರಲ್ಲಿ, ಲಿವರ್‌ಪೂಲ್ ಪಟ್ಟಣದ ವರ್ತಕನೊಬ್ಬನ ಮನೆಯಲ್ಲಿ. ತಂದೆಯ ವ್ಯಾಪಾರ ಕೆಟ್ಟಿತು. 1824ರಲ್ಲಿ ಮುಂಬಯಿಯ ಒಬ್ಬ ವ್ಯಾಪಾರಿಯ ಬಳಿ ಕೆಲಸಕ್ಕೆಂದು ಹುಡುಗನನ್ನು ಹಡಗು ಹತ್ತಿಸಿದರು. ಮುಂದೆ ಪಾಲುದಾರನಾಗುವ ಆಸೆ ತೋರಿಸಿದ್ದರು. ಇಲ್ಲಿಗೆ ಬಂದು ನೋಡಿದರೆ ಆ ವ್ಯಾಪಾರವೂ ಮುಳುಗುತ್ತಿತ್ತು. ಬಂಧುವೊಬ್ಬನ ಪ್ರಯತ್ನದಿಂದ ನಿಜಾಮನ ಸೈನ್ಯದಲ್ಲಿ ಸಣ್ಣ ಅಧಿಕಾರದ ಹುದ್ದೆ ಸಿಕ್ಕಿತು. ‘ನಿಜಾಮನ ಸೈನ್ಯ’ ಎಂಬ ಮಾತನ್ನು ಗಮನಿಸಬೇಕು. ಕಂಪನಿಯ ಕರಾರಿನ ನೌಕರರಿಗೆ ಇದ್ದ ಸಂಬಳ, ಬಡ್ತಿ, ನಿವೃತ್ತಿ ವೇತನಗಳ ಭರವಸೆ ಆತನಿಗೆ ಕಡೆಯವರೆಗೂ ಇರಲಿಲ್ಲ. ಬಿಳಿಯರ ನಡುವೆಯೂ ಆತ ಹೊರಗಿನವನೇ. ಶಾಲೆಯ ಓದು ಹದಿನೈದಕ್ಕೆ ನಿಂತಿತ್ತು. ಪಾರಸಿ, ಹಿಂದೂಸ್ಥಾನಿ, ಮರಾಠಿಗಳನ್ನು, ಭೂಮಾಪನವನ್ನು, ಕಟ್ಟಡದ ಕೆಲಸವನ್ನು, ಕಾನೂನನ್ನು, ಚಿತ್ರ ಬರೆಯುವುದನ್ನು ಆತ ತಾನಾಗಿಯೇ ಕಲಿತನು. 1839ರಲ್ಲಿ ಪ್ರಕಟವಾದ ಥಗ್ಗನ ಕಥೆಯ ಕಾದಂಬರಿ ಲಂಡನ್ನಿನಲ್ಲಿ ಹೆಸರು ತಂದುಕೊಟ್ಟಿತು. ಅಂಥ ಹೆಸರು ಬಂದ ಮೇಲೆ ಅಲ್ಲಿಯೇ ಉಳಿಯಬಹುದಾಗಿತ್ತು ಎನಿಸುತ್ತದೆ. ಆದರೆ ಹೊಟ್ಟೆಯ ಅನ್ನ ಇಲ್ಲಿತ್ತು. ರಜೆ ಮುಗಿಸಿಕೊಂಡು ಮರಳಿದನು.

ಆ ಕಾಲದ ದೊಡ್ಡ ಸಾಹೇಬರ ಬಾಳು ಹೇಗಿತ್ತೆಂಬುದನ್ನು ನೋಡಬೇಕಾದರೆ ಹೈದರಾಬಾದಿನ ಕೋಠಿಯ ರೆಸಿಡೆನ್ಸಿಯನ್ನು ನೋಡಬೇಕು. ಕರ್ಕ್‌ಪ್ಯಾಟ್ರಿಕ್ ಎಂಬ ರೆಸಿಡೆಂಟನು ಹತ್ತೊಂಬತ್ತನೆಯ ಶತಮಾನದ ಆದಿಯಲ್ಲಿ ಕಟ್ಟಿಸಿದ ಅರಮನೆ. ಮುಂಭಾಗದಲ್ಲಿ ಎತ್ತರದ ಕಂಬಗಳ ಸಾಲು, ಅಕ್ಕಪಕ್ಕ ಕಲ್ಲಿನ ಸಿಂಹಗಳು. ಅದನ್ನು ನೋಡಿ ಬಂದ ಕಣ್ಣಿಗೆ ಸುರಪುರದ ಗುಡ್ಡದ ಮೇಲಿನ ‘ಟೇಲರ್ ಮಂಜಿಲ್’ ಒಂದು ಬಂಗಲೆ ಮಾತ್ರ. ಊರಿನ ಮಾಳಿಗೆಗಳನ್ನೂ ಸುತ್ತಣ ಬಂಡೆಗುಡ್ಡಗಳನ್ನೂ ಕಾಣುವಂಥ ಜಾಗವನ್ನು ಆರಿಸಿಕೊಂಡಿರುವುದೇ ಅದರ ಐಶ್ವರ್ಯ. ಪತ್ನಿ ಮೇರಿ ತೀರಿಕೊಂಡ ಮೇಲೆ ಆತ ಅಲ್ಲಿ ಒಂಟಿ. ಮೇರಿ ಹೈದರಾಬಾದಿನ ಸಾಹುಕಾರ ವಿಲಿಯಂ ಪಾಮರನ ಮಗಳು. ಆ ಪಾಮರನ ತಾಯಿ ಮೊಗಲ ಮನೆತನದ ನಂಟಿದ್ದ ಬೇಗಮ್. ಅಂದರೆ ಟೇಲರನ ಸಂಸಾರದಲ್ಲಿಯೇ ಎರಡು ದೇಶಗಳ ರಕ್ತ ಬೆರೆತಿತ್ತು. ಹೆಣ್ಣುಮಕ್ಕಳು ವಿಲಾಯತಿಯಲ್ಲಿ. ಕಾಗದ ಬರುವುದಕ್ಕೆ ತಿಂಗಳುಗಟ್ಟಲೆ ಕಾಯಬೇಕು. ಹಗಲೆಲ್ಲ ಕಚೇರಿ; ಬಿಡುವಿನಲ್ಲಿ ಓದು, ಬರಹ, ತೋಟ, ಸುತ್ತಾಟ. ಲಂಡನ್ನಿನ ‘ಟೈಮ್ಸ್’ ಪತ್ರಿಕೆಗೆ ಆತ ಬರೆಯುತ್ತಿದ್ದುದೂ ಈ ಕಾಲದಲ್ಲಿಯೇ.

ಇದನ್ನು ಸರಳ ಜೀವನವೆಂದು ಕರೆಯುವಾಗ ಎಚ್ಚರಬೇಕು. ಅಡುಗೆಯವರು, ಆಳುಗಳು, ಕುದುರೆ ಎಲ್ಲವೂ ಇದ್ದ ಅಧಿಕಾರಿ ಆತ. ಇದೇ ಸುರಪುರ ಸೀಮೆಯ ಮುದನೂರಿನಲ್ಲಿ ಮಗ್ಗದ ಮುಂದೆ ಕುಳಿತು ನೇಯ್ದು ಉಂಡ ದಾಸಿಮಯ್ಯನಿದ್ದಾನೆ. ದಾಸಿಮಯ್ಯ ದುಗ್ಗಳೆಯರ ಸಂಸಾರದ ಪಕ್ಕದಲ್ಲಿ ಟೇಲರನ ಸರಳತೆಯನ್ನು ಇಟ್ಟು ತೂಗಿದರೆ ಅದು ನಿಲ್ಲುವುದಿಲ್ಲ. ಹೋಲಿಕೆ ಆತನ ಸಮಾನರೊಡನೆ ಆಗಬೇಕು. ಪಾಮರನ ವ್ಯಾಪಾರ ಸಂಸ್ಥೆ ನಿಜಾಮನಿಗೇ ಸಾಲ ಕೊಟ್ಟು ಬೆಳೆದದ್ದು. ಅಂಥ ಮನೆಯ ಅಳಿಯನಾದವನಿಗೆ ಸಾಲದಲ್ಲಿ ಮುಳುಗಿದ ಸಂಸ್ಥಾನವೊಂದು ಹಣದ ಗಣಿಯಾಗಬಹುದಿತ್ತು. ಆಗಲಿಲ್ಲ. ಆತ ಕಡೆಗೆ ಊರಿಗೆ ಹೊರಟಾಗ ಒಯ್ದದ್ದು ಕೆಟ್ಟ ಆರೋಗ್ಯ ಮತ್ತು ಕಾದಂಬರಿಗಳಿಗೆ ಬೇಕಾದ ನೆನಪುಗಳು. ಮುಂದೆ ಹೊಟ್ಟೆಪಾಡಿಗೂ ಬರವಣಿಗೆ ಬೇಕಾಯಿತು.

ಈಗ ಬೋನಾಳದ ಕೆರೆಗೆ ಬರುತ್ತೇನೆ. 1980ರ ದಶಕದಲ್ಲಿ ನಾನು ಆ ಭಾಗದಲ್ಲಿ ಪಾಠ ಹೇಳುತ್ತಿದ್ದಾಗ ಸುರಪುರದಿಂದ ಬೋನಾಳಕ್ಕೆ ಸೈಕಲ್ಲಿನ ಮೇಲೆ ಹೋಗುವ ರೂಢಿಯಿತ್ತು. ಜೊತೆಗೆ ಇಬ್ಬರು ಮೂವರು ವಿದ್ಯಾರ್ಥಿಗಳು; ಕ್ಯಾರಿಯರಿಗೆ ಕಟ್ಟಿದ ರೊಟ್ಟಿ ಬುತ್ತಿ. ಸೈಕಲ್ ತುಳಿಯುವವನಿಗೆ ಒಂದು ಲಾಭವಿದೆ. ಬಸ್ಸಿನಲ್ಲಿ ಕುಳಿತವನಿಗೆ ಬಯಲೆಲ್ಲ ಸಮತಟ್ಟಾಗಿ ಕಾಣುತ್ತದೆ. ಸೈಕಲ್ಲಿನವನಿಗೆ ನೆಲದ ಏರಿಳಿತವನ್ನು ಮೊಳಕಾಲೇ ಹೇಳಿಬಿಡುತ್ತದೆ. ಎಲ್ಲಿ ಪೆಡಲ್ ಹಗುರಾಯಿತೋ ಅಲ್ಲಿಂದ ನೀರು ಹರಿದುಬರುತ್ತದೆಂದು ತಿಳಿಯಬೇಕು. ಎರಡು ಮೂರು ಸಲ ಹೋಗಿಬಂದ ಮೇಲೆ, ಕೆರೆ ಏಕೆ ಅದೇ ಸ್ಥಳದಲ್ಲಿದೆ ಎಂಬುದು ಪುಸ್ತಕ ನೋಡದೆಯೇ ನಮಗೆ ಅರ್ಥವಾಯಿತು. ಕುದುರೆಯ ಮೇಲೆಯೂ ಕಾಲ್ನಡಿಗೆಯಲ್ಲಿಯೂ ಈ ಸೀಮೆಯನ್ನು ಅಳೆದ ಟೇಲರನಿಗೆ ಅದು ನಮಗಿಂತ ಬೇಗನೆ ಅರ್ಥವಾಗಿರಬೇಕು.

ಬೋನಾಳದ ಕೆರೆಯನ್ನು ಟೇಲರ್ ಸಾಹೇಬನು ಕಟ್ಟಿಸಿದನೆಂದು ಜನ ಹೇಳುವುದುಂಟು. ಅದು ಪೂರ್ಣ ನಿಜವಲ್ಲ. ಹದಿನೇಳನೆಯ ಶತಮಾನದಲ್ಲಿ ಇದೇ ಮನೆತನದ ಪಾಮ ನಾಯಕನು ಕಟ್ಟಿಸಿದ ಕೆರೆ ಅದು. ಟೇಲರನು ಅದನ್ನು ದುರಸ್ತಿಗೊಳಿಸಿ ಹಿಗ್ಗಿಸಿದನು. ಇವರಿಬ್ಬರ ಹೆಸರಿನ ಹಿಂದೆ, ಮಣ್ಣು ಅಗೆದು ಬುಟ್ಟಿ ಹೊತ್ತು ಏರಿ ಹಾಕಿದ ಒಡ್ಡರೂ, ಕಲ್ಲು ಜೋಡಿಸಿದ ಕುಶಲಿಗಳೂ ಇದ್ದಾರೆ. ಅವರ ಹೆಸರು ಯಾವ ಕಾಗದದಲ್ಲಿಯೂ ಇಲ್ಲ.

ಕೆರೆಯೆಂದರೆ ಊರೊಟ್ಟಿನ ತೋಟವೆಂದೇ ನಾನು ತಿಳಿದಿದ್ದೇನೆ. ಬಾವಿಯ ತೋಟ ಒಬ್ಬನದು. ಬಾವಿ ತೋಡಿಸುವ ಶಕ್ತಿ, ಜೋಡೆತ್ತು, ತೊಗಲಿನ ಚೀಲ, ಹಗ್ಗ ಇದ್ದವನು ಕಪಿಲೆ ಹೊಡೆದು ಬಾಳೆ, ಎಲೆಬಳ್ಳಿ, ಕಾಯಿಪಲ್ಲೆ ಬೆಳೆದುಕೊಳ್ಳುತ್ತಾನೆ. ಕೆರೆಯ ಕೆಳಗಿನ ನೆಲದಲ್ಲಿ ಹಾಗಲ್ಲ. ಏರಿ ಒಡೆದರೆ ಎಲ್ಲರ ಗದ್ದೆಯೂ ಕೊಚ್ಚಿಹೋಗುತ್ತದೆ. ತೂಬು ಎತ್ತುವವನು ಊರಿನ ನೀರಗಂಟಿ. ಯಾರ ಹೊಲಕ್ಕೆ ಯಾವ ಹೊತ್ತು, ಎಷ್ಟು ಹೊತ್ತು ಎಂಬ ಸರದಿ ಆತನ ಬಾಯಲ್ಲಿರುತ್ತದೆ. ಮಳೆಗಾಲಕ್ಕೆ ಮುಂಚೆ ಕೋಡಿಯಲ್ಲಿ ಬೆಳೆದ ಜಾಲಿಯನ್ನು ಕಡಿಯಬೇಕು. ಏರಿಯೊಳಗೆ ಇಲಿ ಹೆಗ್ಗಣಗಳು ತೋಡಿದ ಬಿಲಗಳನ್ನು ಮುಚ್ಚಬೇಕು. ಒಳಮೈಯ ಕಲ್ಲುಗಳು ಜರಿದಿದ್ದರೆ ಮತ್ತೆ ಕೂಡಿಸಬೇಕು. ಬೇಸಗೆಯಲ್ಲಿ ನೀರು ಇಳಿದಾಗ ಹೂಳನ್ನು ಬಂಡಿಯಲ್ಲಿ ಹೇರಿಕೊಂಡು ಹೊಲಕ್ಕೆ ಹಾಕಬೇಕು. ಕೆರೆಗೆ ಆಳ, ಹೊಲಕ್ಕೆ ಗೊಬ್ಬರ. ಏರಿಯ ಕೆಳಗಿನ ಬಾವಿಗಳಿಗೂ ಕೆರೆಯೇ ಸೆಲೆ. ಒಂದು ವರುಷ ಈ ಕೆಲಸ ತಪ್ಪಿದರೆ ಗೊತ್ತಾಗುವುದಿಲ್ಲ. ಹತ್ತು ವರುಷ ತಪ್ಪಿದರೆ ಕೆರೆ ಇರುವುದಿಲ್ಲ. ದಾಯಾದಿ ಜಗಳದಲ್ಲಿಯೂ ಸಾಲದಲ್ಲಿಯೂ ಸಿಕ್ಕಿದ ಸಂಸ್ಥಾನದಲ್ಲಿ ಮೊದಲು ತಪ್ಪುವುದು ಇದೇ ಕೆಲಸ. ಟೇಲರನ ಹೆಚ್ಚುಗಾರಿಕೆಯೇನೆಂದರೆ, ಇದ್ದುದನ್ನು ಬಿಟ್ಟು ಹೊಸದಕ್ಕೆ ಕೈಹಾಕದೆ, ಕೆಟ್ಟುನಿಂತ ಹಳೆಯ ಕೆರೆಯನ್ನು ಎತ್ತಿ ನಿಲ್ಲಿಸಿದ್ದು. ನಮ್ಮ ಕಾಲದ ಎಂಜಿನಿಯರುಗಳು ಅಪರೂಪವಾಗಿ ತೋರುವ ವಿವೇಕವಿದು.

ಇದು ಬರಿಯ ದಾನಬುದ್ಧಿಯಿಂದ ನಡೆದ ಕೆಲಸವೆಂದು ನಂಬುವಷ್ಟು ಮುಗ್ಧರು ನಾವಾಗಬೇಕಾಗಿಲ್ಲ. ಕೆರೆ ತುಂಬಿದರೆ ಗದ್ದೆ ಬೆಳೆಯುತ್ತದೆ, ಗದ್ದೆ ಬೆಳೆದರೆ ಕಂದಾಯ ಬರುತ್ತದೆ, ಕಂದಾಯ ಬಂದರೆ ನಿಜಾಮನ ಬಾಕಿ ತೀರುತ್ತದೆ. ಆತನನ್ನು ಕಳುಹಿಸಿದ್ದೇ ಆ ಬಾಕಿಗಾಗಿ. ಆದರೂ ಬಾಕಿ ವಸೂಲಿಗೆ ಬೇರೆ ದಾರಿಗಳೂ ಇದ್ದವು. ಫೌಜು ತಂದು ಹಳ್ಳಿಗಳನ್ನು ದೋಚುವುದು ಆ ಕಾಲದ ರಾಜಮಾರ್ಗ. ಟೇಲರನು ಅದನ್ನು ಹಿಡಿಯಲಿಲ್ಲ.

ಆತನ ಸುತ್ತಾಟದ ಇನ್ನೊಂದು ಫಲವನ್ನು ಇಲ್ಲಿ ಹೇಳಬೇಕು. ರಾಜನಕೋಳೂರಿನ ಬಳಿ ದೊಡ್ಡ ಚಪ್ಪಡಿಗಳನ್ನು ನಿಲ್ಲಿಸಿ ಮೇಲೊಂದು ಚಪ್ಪಡಿ ಹೊದಿಸಿದ ಪುಟ್ಟ ಮನೆಯಂಥ ಕಟ್ಟಡಗಳಿವೆ. ಜನ ಅವನ್ನು ‘ಮೋರ್ಯರ ಮನೆ’ ಎನ್ನುತ್ತಾರೆ. ಶಹಾಪುರದ ಹತ್ತಿರ ವಿಭೂತಿಹಳ್ಳಿಯಲ್ಲಿ ಸಾಲುಸಾಲಾಗಿ ಇಟ್ಟ ಗುಂಡುಗಳಿವೆ. ಜೇವರ್ಗಿಯ ಕಡೆ ಕಲ್ಲುಗುಪ್ಪೆಗಳಿವೆ. ದನ ಕಾಯುವ ಹುಡುಗರು ಆಡಿಕೊಳ್ಳುತ್ತಿದ್ದ ಈ ಕಲ್ಲುಗಳನ್ನು ಟೇಲರನು ಅಳೆದನು, ಚಿತ್ರ ಬರೆದನು, ಕೆಲವನ್ನು ಅಗೆಸಿ ಒಳಗಿನ ಎಲುಬು, ಮಡಕೆಗಳು ಇದ್ದ ಬಗೆಯನ್ನು ಪದರಪದರವಾಗಿ ಗುರುತು ಮಾಡಿದನು. ಮುಂಬಯಿಯ ಏಷಿಯಾಟಿಕ್ ಸೊಸೈಟಿಯ ಪತ್ರಿಕೆಯಲ್ಲಿ 1850ರ ದಶಕದ ಮೊದಲಲ್ಲಿ ಬಂದ ಆತನ ಲೇಖನ ಈ ಸೀಮೆಯ ಪ್ರಾಕ್ತನ ಶೋಧನೆಯ ಆರಂಭ. ಅಗೆತದ ಗೋಡೆಯನ್ನು ಸೀಳಿ ತೋರಿಸಿದ ಆತನ ನಕ್ಷೆಗಳನ್ನು ಪುರಾತತ್ತ್ವಜ್ಞರು ಇಂದಿಗೂ ಮೆಚ್ಚುತ್ತಾರೆ. ನೂರಿಪ್ಪತ್ತು ವರುಷಗಳ ತರುವಾಯ ಡಾ. ಕೆ. ಪದ್ದಯ್ಯನವರು ಇದೇ ದೋಆಬಿನ ಹುಣಸಗಿ, ಇಸಾಂಪುರ, ಬೂದಿಹಾಳಗಳಲ್ಲಿ ಆದಿಮಾನವನ ಕೈಗೊಡಲಿಗಳನ್ನೂ ದನಗಾಹಿಗಳ ಬೂದಿದಿಬ್ಬಗಳನ್ನೂ ಕುರಿತು ಮಾಡಿದ ಕೆಲಸ ಜಗತ್ತಿಗೇ ತಿಳಿದಿದೆ.

ಆ ಲೇಖನಕ್ಕೆ ಟೇಲರನಿಟ್ಟ ಹೆಸರು ನನ್ನನ್ನು ಬಹಳ ದಿನ ಕಾಡಿತು. ಸುರಪುರದ ಈ ಕಲ್ಲುಗಳನ್ನು ಆತ ಕರೆದದ್ದು ‘ಸಿಥಿಯನ್–ಡ್ರೂಯಿಡ್ ಅವಶೇಷ’ಗಳೆಂದು. ಡ್ರೂಯಿಡರೆಂದರೆ ಆತನ ಸ್ವಂತ ನಾಡಿನ ಪುರಾತನ ಪುರೋಹಿತರು. ಇಂಗ್ಲೆಂಡಿನ ಬಯಲುಗಳಲ್ಲಿ ನಿಂತ ಕಲ್ಲುಗಳೆಲ್ಲ ಅವರವೆಂದು ಆಗ ನಂಬಿದ್ದರು. ಇಂದಿನ ವಿದ್ಯೆಯ ಮುಂದೆ ಅದು ತಪ್ಪು. ನಮ್ಮ ಕಲ್ಲುಗೋರಿಗಳು ಇಲ್ಲಿಯ ಕಬ್ಬಿಣಯುಗದ ಜನರವು. ಆದರೆ ಆ ತಪ್ಪಿನಲ್ಲಿ ಒಬ್ಬ ಮನುಷ್ಯ ಕಾಣುತ್ತಾನೆ. ಹದಿನೈದಕ್ಕೆ ಮನೆ ಬಿಟ್ಟವನು ನಲವತ್ತರ ಹೊತ್ತಿಗೆ, ಸಾವಿರಾರು ಮೈಲಿಗಳಾಚೆ, ಜೋಳದ ಹೊಲದ ನಡುವೆ ನಿಂತ ಕಲ್ಲಿನಲ್ಲಿ ತನ್ನೂರಿನ ಕಲ್ಲನ್ನು ಕಂಡನು. ಮುಂಬಯಿಗೆ ಹೋದ ನಮ್ಮ ಹುಡುಗರು ಅಲ್ಲಿಯ ಗುಡ್ಡ ನೋಡಿ ‘ನಮ್ಮ ಶಹಾಪುರದ ಗುಡ್ಡದಂಗೇ ಐತಿ’ ಎನ್ನುವುದಿಲ್ಲವೆ?

ಬಾಲದೊರೆ ವೆಂಕಟಪ್ಪ ನಾಯಕನು ಟೇಲರನನ್ನು ‘ಅಪ್ಪಾ’ ಎಂದು ಕರೆಯುತ್ತಿದ್ದನು. ಹುಡುಗನ ಪಾಠ, ಸವಾರಿ, ಒಡನಾಟ ಎಲ್ಲಕ್ಕೂ ಟೇಲರನ ಕಣ್ಣಿತ್ತು. ಹೆತ್ತ ಮಕ್ಕಳು ಕಡಲಾಚೆ. ತಂದೆಯಿಲ್ಲದ ಹುಡುಗ ಕಣ್ಣೆದುರಿಗೆ. ಅಲ್ಲಿ ಮಮತೆ ಬೆಳೆದದ್ದು ಸಹಜ. ಆ ಮಮತೆ ಸುಳ್ಳಲ್ಲವೆಂದೇ ನನ್ನ ನಂಬಿಕೆ. ಆದರೆ ನಮಗೆ ಉಳಿದಿರುವ ಬರಹದ ಸಾಕ್ಷಿ ಟೇಲರನ ಆತ್ಮಕಥೆ. ಹುಡುಗನು ತನ್ನ ಕಡೆಯ ಮಾತನ್ನು ಬರೆದಿಡಲಿಲ್ಲ. ತಾಯಿ ಈಶ್ವರಮ್ಮನಂತೂ ಆ ಪುಸ್ತಕದಲ್ಲಿ ಕೆಟ್ಟ ಹೆಂಗಸಾಗಿಯೇ ಕಾಣಿಸಿಕೊಳ್ಳುತ್ತಾಳೆ. ಮನೆಯೊಳಗೆ ಬಂದು ಮಗನನ್ನೂ ಖಜಾನೆಯನ್ನೂ ವಶಕ್ಕೆ ತೆಗೆದುಕೊಂಡ ಪರದೇಶಿಯ ವಿಷಯದಲ್ಲಿ ಆಕೆಗೆ ಏನೆನ್ನಿಸಿತೆಂಬುದನ್ನು ಯಾರೂ ಕೇಳಲಿಲ್ಲ.

1853ರಲ್ಲಿ ನಿಜಾಮನು ಬೇರಾರ, ನಳದುರ್ಗ ಮುಂತಾದ ಜಿಲ್ಲೆಗಳನ್ನು ಕಂಪನಿಯ ವಶಕ್ಕೆ ಕೊಡಬೇಕಾಗಿ ಬಂತು. ಟೇಲರನನ್ನು ನಳದುರ್ಗಕ್ಕೆ ನೇಮಿಸಿದರು. ವೆಂಕಟಪ್ಪನು ಪ್ರಾಯಕ್ಕೆ ಬಂದಿದ್ದನು. ಆಡಳಿತ ಅವನ ಕೈಗೆ ಹೋಯಿತು. ಟೇಲರನು ಹೊರಟ ದಿನ ಜನ ಕಣ್ಣೀರಿಟ್ಟರೆಂದು ಆತನೇ ಬರೆದಿದ್ದಾನೆ. ಕೆಲವೇ ವರುಷಗಳಲ್ಲಿ ಸಂಸ್ಥಾನ ಮತ್ತೆ ಸಾಲದಲ್ಲಿ ಬಿತ್ತು. ಇದನ್ನು ಎತ್ತಿ ತೋರಿಸಿ, ಹುಡುಗನು ದುಂದುಗಾರನಾಗಿದ್ದನೆಂದು ಹೇಳುವುದು ಸುಲಭ. ಹನ್ನೆರಡು ವರುಷ ರಾಜ್ಯವನ್ನು ನಡೆಸಿದವನು ತಾನಿಲ್ಲದೆ ನಡೆಯುವಂತೆ ಅದನ್ನು ಕಟ್ಟಲಿಲ್ಲವಲ್ಲ ಎಂದೂ ಕೇಳಬಹುದು. ಕೆರೆಯ ನೀರನ್ನು ಹಂಚುವುದಕ್ಕೆ ಒಂದು ಊರೊಟ್ಟಿನ ಏರ್ಪಾಡು ಇತ್ತು. ಅಧಿಕಾರವನ್ನು ಹಂಚುವುದಕ್ಕೆ ಇರಲಿಲ್ಲ.

1857 ಬಂತು. ಉತ್ತರದ ಸುದ್ದಿ ದಕ್ಷಿಣಕ್ಕೂ ಹರಿಯಿತು. ವೆಂಕಟಪ್ಪನು ಅರಬರನ್ನೂ ರೋಹಿಲರನ್ನೂ ಕೂಡಿಸತೊಡಗಿದನು. ಅವನೊಡನೆ ಮಾತಾಡಲು ರೆಸಿಡೆಂಟನು ಕ್ಯಾಪ್ಟನ್ ಕ್ಯಾಂಬೆಲನನ್ನು ಕಳುಹಿಸಿದನು, ಮಾತು ಫಲಿಸಲಿಲ್ಲ. 1858ರ ಫೆಬ್ರುವರಿ 8ರಂದು ಸುರಪುರದ ಬಳಿ ಕಾಳಗವಾಯಿತು. ಕ್ಯಾಪ್ಟನ್ ನ್ಯೂಬೆರಿ ಎಂಬ ಆಂಗ್ಲ ಅಧಿಕಾರಿ ಅಲ್ಲಿ ಸತ್ತನು. ಆ ರಾತ್ರಿಯೇ ರಾಜನು ಊರು ಬಿಟ್ಟನು. ಹೈದರಾಬಾದಿನಲ್ಲಿ ಸೆರೆಸಿಕ್ಕಿದನು. ಆಗ ಅವನಿಗೆ ಇಪ್ಪತ್ತನಾಲ್ಕರ ಆಸುಪಾಸು.

ಬೇರಾರದಲ್ಲಿದ್ದ ಟೇಲರನಿಗೆ ಮತ್ತೆ ಸುರಪುರಕ್ಕೆ ಹೋಗುವಂತೆ ಅಪ್ಪಣೆಯಾಯಿತು. ಈ ಸಲ ಕಮಿಷನರನಾಗಿ. ದಾರಿಯಲ್ಲಿ ಆತ ಸೆರೆಮನೆಗೆ ಹೋಗಿ ರಾಜನನ್ನು ಕಂಡನು. ‘ಅಪ್ಪಾ’ ಎಂದು ಕೂಗಿ ರಾಜನು ಕೊರಳು ತಬ್ಬಿಕೊಂಡನು. ಕಳ್ಳಕಾಕರಂತೆ ನನ್ನನ್ನು ನೇಣಿಗೆ ಹಾಕದಿರಲಿ, ಬೇಕಾದರೆ ತೋಪಿನ ಬಾಯಿಗೆ ಕಟ್ಟಲಿ ಎಂಬುದು ಅವನ ಕೋರಿಕೆಯಾಗಿತ್ತು. ಮರಣದಂಡನೆ ಮೊದಲು ಗಡಿಪಾರಿಗೆ ಇಳಿಯಿತು. ಆಮೇಲೆ ಚೆಂಗಲಪಟ್ಟಿನ ಬಳಿ ನಾಲ್ಕು ವರುಷದ ಬಂಧನಕ್ಕೆ ಇಳಿಯಿತು. ನಡತೆ ತಿದ್ದಿಕೊಂಡರೆ ರಾಜ್ಯ ಮರಳಿ ಸಿಗಬಹುದೆಂಬ ಆಸೆಯೂ ಉಳಿಯಿತು. ಸಿಕಂದರಾಬಾದಿನಿಂದ ಹೊರಟ ಪಯಣದ ಆರಂಭದಲ್ಲಿಯೇ, ಕಾವಲಿನ ಅಧಿಕಾರಿಯ ಪಿಸ್ತೂಲಿನಿಂದ ರಾಜನು ಸತ್ತನು. ತಾನೇ ಹೊಡೆದುಕೊಂಡನೆಂದು ಸರಕಾರದ ಕಾಗದ ಹೇಳಿತು. ಸುರಪುರದ ಜನ ಎಲ್ಲರೂ ಅದನ್ನು ನಂಬಲಿಲ್ಲ, ಇಂದಿಗೂ ನಂಬದವರಿದ್ದಾರೆ.

ಟೇಲರನ ಆತ್ಮಕಥೆಯಲ್ಲಿ ಒಂದು ವಿಚಿತ್ರ ಪ್ರಸಂಗವಿದೆ. ರಾಜನು ಇಪ್ಪತ್ತನಾಲ್ಕನೆಯ ವರುಷದಲ್ಲಿ ಸಾಯುವನೆಂದು ಅವನ ಜಾತಕ ಬರೆದ ಬ್ರಾಹ್ಮಣನು ಬಹು ಹಿಂದೆಯೇ ಟೇಲರನಿಗೆ ತಿಳಿಸಿದ್ದನು. ಅದನ್ನು ಆತ ಹುಡುಗನಿಗೆ ಹೇಳದೆ ಮನಸ್ಸಿನಲ್ಲಿಟ್ಟುಕೊಂಡಿದ್ದನು. ಶಿಕ್ಷೆ ಇಳಿದ ಸುದ್ದಿ ಬಂದಾಗ ಜಾತಕ ಸುಳ್ಳಾಯಿತೆಂದು ಟೇಲರನು ಹಿಗ್ಗಿದನು, ಬ್ರಾಹ್ಮಣನು ಒಪ್ಪಲಿಲ್ಲ. ಆಮೇಲೆ ಬಂದದ್ದು ಸಾವಿನ ಸುದ್ದಿ. ಕಾದಂಬರಿಯಲ್ಲಿ ಇಂಥ ಸನ್ನಿವೇಶ ಬಂದರೆ ನಾವು ವಿಮರ್ಶಕರು ಹುಬ್ಬು ಗಂಟಿಕ್ಕುತ್ತೇವೆ. ಜಾತಕದ ನಿಜ ಸುಳ್ಳು ಹೇಗೂ ಇರಲಿ, ಬಂದೂಕಿನಿಂದ ಆದ ಸಾವನ್ನು ಗ್ರಹಗಳ ಮೇಲೆ ಹೊರಿಸಿದರೆ ಬದುಕಿ ಉಳಿದವನ ಎದೆಭಾರ ಸ್ವಲ್ಪ ಇಳಿಯುತ್ತದೆ. ಟೇಲರನಿಗೆ ಅದು ಬೇಕಾಗಿತ್ತು. ಮಗನೆಂದು ಬೆಳೆಸಿದವನ ಗಾದಿ ಬರಿದಾದ ಊರಿನಲ್ಲಿ ಆತ ಅದೇ ಹಳೆಯ ಜನರೆದುರು ಕಚೇರಿ ನಡೆಸಬೇಕಾಗಿತ್ತು. ಕೆರೆ ತುಂಬಿಸಿದ್ದೂ, ತೋಟ ಬೆಳೆಸಿದ್ದೂ, ಜನರ ಭಾಷೆ ಕಲಿತದ್ದೂ ನಿಜ. ಯಾರ ಸಂಬಳ ಉಣ್ಣುತ್ತಿದ್ದನೋ ಅವರ ಅಪ್ಪಣೆ ಬಂದ ದಿನ ಅವೊಂದೂ ಅಡ್ಡ ಬರಲಿಲ್ಲ.

1860ರಲ್ಲಿ ಆಂಗ್ಲರು ಸುರಪುರವನ್ನು ನಿಜಾಮನಿಗೆ ಉಡುಗೊರೆಯಂತೆ ಒಪ್ಪಿಸಿದರು. ಅದೇ ವರುಷ ಟೇಲರನು ರೋಗಿಯಾಗಿ ಹಿಂದಿರುಗಿದನು. ಅಲ್ಲಿ ಕುಳಿತು ‘ತಾರಾ’, ‘ರಾಲ್ಫ್ ಡಾರ್ನೆಲ್’, ‘ಸೀತಾ’ ಬರೆದನು. ಸತ್ತ ಮೇಲೆ 1878ರಲ್ಲಿ ಬಂದ ‘ಎ ನೋಬಲ್ ಕ್ವೀನ್’ ಚಾಂದಬೀಬಿಯ ಕಥೆ. ಅದು ತೊಡಗುವುದು ನಮ್ಮ ಛಾಯಾ ಭಗವತಿ, ಜಲದುರ್ಗಗಳ ಬಳಿ ಕೃಷ್ಣೆ ಬಂಡೆಗಳ ಮೇಲಿಂದ ಧುಮುಕುವ ನೋಟದಿಂದ. ಕಣ್ಣು ಮಂಜಾಗಿದ್ದ ಮುದುಕನಿಗೆ ಆ ನೀರು ಅಷ್ಟು ಸ್ಪಷ್ಟವಾಗಿ ಕಂಡಿತ್ತು. 1875ರಲ್ಲಿ ಮತ್ತೊಮ್ಮೆ ಹೈದರಾಬಾದಿಗೆ ಬಂದನು. ಇಲ್ಲಿಯೇ ಜ್ವರ ಹಿಡಿಯಿತು. ಮರಳುವ ದಾರಿಯಲ್ಲಿ, 1876ರ ಮೇ 13ರಂದು, ಫ್ರಾನ್ಸಿನ ಮೆಂತೋನ್ ಎಂಬ ಊರಿನಲ್ಲಿ ತೀರಿಕೊಂಡನು. ಹುಟ್ಟಿದ ನಾಡೂ ಅಲ್ಲ, ಬಾಳಿದ ನಾಡೂ ಅಲ್ಲ. ಆತ್ಮಕಥೆಯನ್ನು ಮಗಳು ಸಿದ್ಧಪಡಿಸಿ ಮರುವರುಷ ಅಚ್ಚು ಮಾಡಿಸಿದಳು.

ಛಾಯಾ ಭಗವತಿಗೆ ಸಮೀಪದಲ್ಲಿ 1982ರಲ್ಲಿ ಪೂರ್ಣವಾದ ನಾರಾಯಣಪುರದ ಅಣೆಕಟ್ಟು ಈಗ ಕೃಷ್ಣೆಯನ್ನು ಹಿಡಿದು ನಿಲ್ಲಿಸಿದೆ. ಕಾಲುವೆಯ ನೀರು ಸುರಪುರ, ಶಹಾಪುರದ ಎರೆಹೊಲಗಳಿಗೆ ಹರಿದು, ಜೋಳ ಬೆಳೆಯುತ್ತಿದ್ದಲ್ಲಿ ಭತ್ತ ಬಂದಿದೆ. ಕಾಲುವೆಯ ಕೊನೆಯ ಹಳ್ಳಿಗಳವರು ಮಾತ್ರ ಬೇಸಗೆ ಬಂದರೆ ಗಂಟುಮೂಟೆ ಕಟ್ಟಿ ಬೆಂಗಳೂರಿಗೆ, ಮುಂಬಯಿಗೆ, ಪುಣೆಗೆ ಗುಳೆ ಹೋಗುತ್ತಾರೆ. ಯಾದಗಿರಿಯ ಸ್ಟೇಷನ್ನಿನಲ್ಲಿ ಕೊಡ, ಹಾಸಿಗೆ, ಕೂಸುಗಳೊಡನೆ ರೈಲಿಗೆ ಕಾದು ಕುಳಿತ ಅವರನ್ನು ನೀವು ನೋಡಿರಬಹುದು. ಅವರ ಸರಳ ಜೀವನಕ್ಕೆ ಯಾರೂ ಪುಸ್ತಕ ಬರೆಯುವುದಿಲ್ಲ.

ಬೋನಾಳದ ಕೆರೆ ಇದೆ. ಈಗ ಅದು ಪಕ್ಷಿಧಾಮ. ಕಳೆದ ಚಳಿಗಾಲದಲ್ಲಿ ನನ್ನ ಹಳೆಯ ವಿದ್ಯಾರ್ಥಿಯೊಬ್ಬರು ಮೋಟಾರಿನಲ್ಲಿ ಕರೆದೊಯ್ದರು. ಸೈಕಲ್ ತುಳಿಯುವುದಕ್ಕೆ ಈ ಮೊಳಕಾಲು ಒಪ್ಪುವುದಿಲ್ಲ. ಏರಿಯ ಮೇಲೆ ನಿಂತು ನೋಡಿದೆವು. ಜೊಂಡಿನ ಅಂಚಿನಲ್ಲಿ ಕೆನ್ನೀಲಿ ಬಕಗಳು; ಆಚೆಗೆ ತಲೆಯ ಮೇಲೆ ಕಪ್ಪು ಪಟ್ಟೆಗಳಿರುವ ಹೆಬ್ಬಾತುಗಳ ಒಂದು ಹಿಂಡು, ಹಿಮಾಲಯದ ಆಚೆಯ ನಾಡಿನಿಂದ ಬಂದದ್ದು. ಎಮ್ಮೆ ಮೈತೊಳೆಯುತ್ತಿದ್ದ ಹುಡುಗನನ್ನು ಅವು ಯಾವ ಹಕ್ಕಿಯೆಂದು ಕೇಳಿದೆ. ‘ಪರದೇಶಿ ಹಕ್ಕಿ ರೀ ಸರ, ಬ್ಯಾಸಿಗಿ ಬಂದ್ರ ಹೋಗ್ತಾವ’ ಎಂದು ಹೇಳಿ ಎಮ್ಮೆಯ ಬೆನ್ನ ಮೇಲೆ ಇನ್ನೊಂದು ಬೊಗಸೆ ನೀರು ಹಾಕಿದನು.